ಅರ್ಧ ಬರೆದ ತೂಕ

"ಗುರುಗಳೇ, ಹೆಂಡತಿ ತೀರಿಕೊಂಡು ಮೂರು ತಿಂಗಳಾಯಿತು. ಕೇಳಿದವರಿಗೆಲ್ಲ ಆರಾಮಿದ್ದೇನೆ ಅಂದೆ. ನನ್ನ ದುಃಖವನ್ನು ಯಾರ ಮೇಲೂ ಹೊರಿಸಲಿಲ್ಲ. ಆದರೂ ನಿನ್ನೆ, ಹಾಲಿನ ಲೋಟ ಬೀಳಿಸಿದಳೆಂದು ಮಗಳ ಮೇಲೆ ಕೈ ಮಾಡಿದೆ. ಇಷ್ಟು ಸಿಟ್ಟು ಎಲ್ಲಿತ್ತು?" ಎಂದು ಶಿಷ್ಯ ಮಂಜಯ್ಯ ಕೇಳಿದ.

ಗುರುಗಳು ಸನ್ಯಾಸಕ್ಕೆ ಮೊದಲು ಬಂದರಿನಲ್ಲಿ ಗುಮಾಸ್ತರಾಗಿದ್ದವರು. "ಅಯ್ಯೋ ಮಾರಾಯ, ಆರಾಮಂತೆ ಆರಾಮು! ಕೂತುಕೋ, ಹೇಳುತ್ತೇನೆ," ಎಂದು ಶುರು ಮಾಡಿದರು.

ಒಬ್ಬ ಕಲ್ಲಿನ ವ್ಯಾಪಾರಿ ಇದ್ದ. ಗ್ರಾನೈಟ್ ಚಪ್ಪಡಿಗಳನ್ನು ಕಂಟೇನರಿಗೆ ತುಂಬಿ ಪರದೇಶಕ್ಕೆ ಕಳಿಸುತ್ತಿದ್ದ. ಬಂದರಿನಲ್ಲಿ ಒಂದು ಕ್ರಮವಿದೆ. ಕಂಟೇನರಿನ ತೂಕವನ್ನು ಮಾಲು ಕಳಿಸುವವನೇ ಬರೆದುಕೊಡಬೇಕು. ಹಡಗಿನವರು ಬಾಗಿಲು ತೆಗೆದು ನೋಡುವುದಿಲ್ಲ. ಆ ಚೀಟಿ ನೋಡಿಯೇ ಭಾರದ್ದನ್ನು ಕೆಳಗೆ, ಹಗುರದ್ದನ್ನು ಅದರ ಮೇಲೆ ಪೇರಿಸುತ್ತಾರೆ.

ಒಂದು ಸಲ ವ್ಯಾಪಾರಿ ಹೆದರಿದ. ಆ ಕಡೆ ಕಾಯುತ್ತಿದ್ದವರಿಗೆ ಮಾತು ಕೊಟ್ಟಿದ್ದ. ಇಷ್ಟು ಭಾರ ಎಂದರೆ ಈ ಹಡಗಿಗೆ ಬೇಡ ಎಂದಾರು ಎಂದುಕೊಂಡು ತೂಕವನ್ನು ಅರ್ಧ ಬರೆದ. ಪಾಪ, ಕೆಟ್ಟವನೇನಲ್ಲ. ಹಡಗಿನವರು ಚೀಟಿ ನಂಬಿ ಅವನ ಕಲ್ಲನ್ನು ಎಲ್ಲಕ್ಕಿಂತ ಮೇಲೆ ಇಟ್ಟರು. ಅದರ ಕೆಳಗಿನ ಕಂಟೇನರಿನಲ್ಲಿ ಒಂದು ಊರಿನ ನೇಕಾರರ ಸೀರೆಗಳಿದ್ದವು.

ನಾಲ್ಕು ದಿನ ಏನೂ ಆಗಲಿಲ್ಲ. ಐದನೆಯ ದಿನ ಗಾಳಿ ಎದ್ದಿತು. ಬಿರುಗಾಳಿಯೇನಲ್ಲ, ಹಡಗಿಗೆ ದಿನಾ ಸಿಗುವಂಥದ್ದೇ. ಹಡಗು ಸ್ವಲ್ಪ ವಾಲಿತು, ಅಷ್ಟೇ. ಮೇಲಿನ ಭಾರಕ್ಕೆ ಕೆಳಗಿನ ಕಂಟೇನರ್ ನಜ್ಜುಗುಜ್ಜಾಗಿ ಎರಡೂ ಸಮುದ್ರಕ್ಕೆ ಮಗುಚಿದವು. ವರ್ಷವಿಡೀ ಮಗ್ಗದ ಮುಂದೆ ಕೂತವರ ದುಡಿಮೆ ನೀರುಪಾಲಾಯಿತು. ಅವರು ಮಾಡಿದ ತಪ್ಪಾದರೂ ಏನು, ಹೇಳು!

ಹಡಗು ಬಂದರಿಗೆ ಮರಳಿದಾಗ ವ್ಯಾಪಾರಿ ಕಪ್ತಾನನ ಮುಂದೆ ನಿಂತು ಅತ್ತ. "ಸ್ವಾಮಿ, ಭಾರ ಅಂದರೆ ಬಿಟ್ಟು ಹೋಗುತ್ತೀರಿ ಅಂದುಕೊಂಡೆ."

ಕಪ್ತಾನ ಬೈಯಲಿಲ್ಲ. "ಅಲ್ಲಯ್ಯಾ, ಭಾರ ಹೊರುವುದಕ್ಕೇ ಅಲ್ಲವೇ ಹಡಗು ಇರುವುದು? ಹೇಳಿದ್ದರೆ ತಳದಲ್ಲಿ ಜಾಗ ಕೊಡುತ್ತಿದ್ದೆ," ಎಂದ.

ಗುರುಗಳು ಕತೆ ನಿಲ್ಲಿಸಿದರು.

"ಆದರೆ ನಾನು ಗಟ್ಟಿಯಾಗಿರಬೇಕಲ್ಲವೇ? ಮಗಳಿಗೆ ಇನ್ನು ನಾನೊಬ್ಬನೇ," ಎಂದ ಮಂಜಯ್ಯ.

ಗುರುಗಳು ಸರಿದು, ತಮ್ಮ ಚಾಪೆಯ ಮೇಲೆ ಅವನಿಗೆ ಜಾಗ ಮಾಡಿದರು.

"ಆರಾಮು ಎಂದು ಬರೆದುಕೊಟ್ಟ ಆ ಚೀಟಿ ಹರಿದುಹಾಕು ಮಗಾ, ಸರಿಯಾದ ತೂಕ ಎಷ್ಟು, ನನಗೆ ಹೇಳು."

ಮಂಜಯ್ಯ ಚಾಪೆಯ ಮೇಲೆ ಸರಿದು ಕೂತು, ಹೆಂಡತಿಯ ಕೊನೆಯ ದಿನದಿಂದ ಹೇಳತೊಡಗಿದ.