ಹಳೇ ಸೈಕಲ್ ಸೋತದ್ದು

ಮೊಬೈಲಿನಿಂದ ಸಮಾಜ ಕೆಟ್ಟಿತೇ ಎಂಬ ಆನ್‌ಲೈನ್ ಚರ್ಚೆಯಲ್ಲಿ ‘ಹಳೇ ಸೈಕಲ್’ ಎಂಬ ಅನಾಮಧೇಯ ಏನು ಬರೆದರೂ ಲೈಕುಗಳ ಸುರಿಮಳೆ. ಮ್ಯಾನೇಜರ್ ಅನಂತಸ್ವಾಮಿಯವರ ವಾದಕ್ಕೆ ಮೂರೇ ಲೈಕು. ಅವರಿಗೆ ಹೊಟ್ಟೆ ಉರಿದುಹೋಯಿತು.

“ಪುಟ್ಟಮಾದಯ್ಯ, ಅವನ ಬಾಯಿ ಮುಚ್ಚಿಸೋ ಹಾಗೆ ಕರಡು ಬರಿ. ಇಲ್ಲಾಂದ್ರೆ ನಿನಗೆ ವರ್ಗಾವಣೆ!”

ಆಫೀಸಿನ ಪತ್ರಗಳನ್ನೆಲ್ಲ ಬರೆಯುವವನು ಗುಮಾಸ್ತ ಪುಟ್ಟಮಾದಯ್ಯನೇ, ಸಾಹೇಬರದು ಸಹಿ ಮಾತ್ರ. ಹಳೇ ಸೈಕಲ್ ಹೆಸರಲ್ಲಿ ಬರೆಯುವವನೂ ತಾನೇ ಅಂತ ಹೇಳೋದುಂಟೇ? ಖಾರವಾಗಿ ಬರೆದುಕೊಟ್ಟ. ಸಾಹೇಬರು ತಮ್ಮ ಹೆಸರಲ್ಲಿ ಹಾಕಿದರು. ಊಟದ ಬಿಡುವಿನಲ್ಲಿ ಹಳೇ ಸೈಕಲ್‌ನ ಉತ್ತರ ಬಂತು: “ನನ್ನದೇ ತಪ್ಪು. ನೀವೇ ಸರಿ.”

ಸಾಹೇಬರು ಕುಣಿದಾಡಿದರು. ಸಂಜೆ ಮತ್ತೆ ಕರೆದಾಗ ಮುಖ ಕಪ್ಪಿಟ್ಟಿತ್ತು.

“ಗೆದ್ದ ನನಗೆ ನಾಲ್ಕು ಲೈಕು, ಸೋತ ಅವನಿಗೆ ನಾನೂರು! ನಾಳೆ ನಾನೂ ಸೋಲ್ತೀನಿ, ಕರಡು ಬರಿ.”

“ಯಾವ ವಿಷಯದಲ್ಲಿ ಸೋಲೋದು ಸಾರ್?”

“ಯಾವುದಾದ್ರೂ ಆಗ್ಲಿ ಕಣಯ್ಯ, ಅವನಿಗಿಂತ ಚೆನ್ನಾಗಿ ಸೋಲಬೇಕು!”