ಎರಡನೆಯ ಸಲ ಕಂಡ ಹುಲಿ

“ಗುರುಗಳೇ, ಯಾರಿಗೂ ಕೆಡುಕಾಗದ, ಕೇಳಿದವರಿಗೆ ಸಂತೋಷವನ್ನೇ ಕೊಡುವ ಒಂದು ಸುಳ್ಳು ಹೇಳಿದರೆ ನಷ್ಟ ಯಾರಿಗೆ?” ಎಂದು ಶಿಷ್ಯ ಮರಿದೇವ ಕೇಳಿದ.

ಹಿಂದಿನ ದಿನ ಮಠದ ಊಟದ ಪಂಕ್ತಿಯಲ್ಲಿ, ಧ್ಯಾನದ ಹೊತ್ತಿಗೆ ತನಗೆ ಬೆಳಕು ಕಂಡಿತೆಂದು ಅವನು ಹೇಳಿದ್ದ. ಪಂಕ್ತಿಯವರೆಲ್ಲ ಹಿಗ್ಗಿದ್ದರು. ಬಡಿಸುತ್ತಿದ್ದ ಮುದುಕಿ ಸೌಟು ಕೆಳಗಿಟ್ಟು ಅವನಿಗೆ ಕೈ ಮುಗಿದಿದ್ದಳು. ಗುರುಗಳು ಮಾತ್ರ ಇನ್ನೊಂದು ಸಲ ಸಾರು ಹಾಕಿಸಿಕೊಂಡಿದ್ದರು.

ಈಗ ಅವರು ಎಳೆಬಿಸಿಲಿಗೆ ಬೆನ್ನು ಕೊಟ್ಟು ಕುಳಿತು ಒಂದು ಕತೆ ಹೇಳಿದರು.

ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಕಾಡಿನಲ್ಲಿ ಓಡಾಡುವ ಹುಲಿಯನ್ನು ಕಣ್ಣಾರೆ ನೋಡಬೇಕೆಂಬುದು ಅವನಿಗೆ ಚಿಕ್ಕಂದಿನ ಆಸೆ. ಅಂಗಡಿಯಲ್ಲಿ ದೇವರ ಪಟದ ಪಕ್ಕದಲ್ಲೇ ಹುಲಿಯ ಚಿತ್ರವಿದ್ದ ಕ್ಯಾಲೆಂಡರ್ ತೂಗುಹಾಕಿದ್ದ. ವರ್ಷ ಕಳೆದರೂ ಅದನ್ನು ತೆಗೆಯಲು ಮನಸ್ಸು ಬರುತ್ತಿರಲಿಲ್ಲ. ಒಂದು ಚಳಿಗಾಲ ಅವನ ಬೀದಿಯ ವ್ಯಾಪಾರಿಗಳೆಲ್ಲ ಸೇರಿ, ಹೆಂಡಿರನ್ನೂ ಕರೆದುಕೊಂಡು, ಒಂದು ರಾಷ್ಟ್ರೀಯ ಉದ್ಯಾನಕ್ಕೆ ಪ್ರಾಣಿಗಳನ್ನು ನೋಡಲು ಹೊರಟರು.

ಮೊದಲ ದಿನ ಅವರ ಜೀಪಿನಲ್ಲಿ ಒಬ್ಬರಿಗೆ ಜಾಗ ಸಾಲಲಿಲ್ಲ. ಬೆಲ್ಲದ ವ್ಯಾಪಾರಿ ಹೆಂಡತಿಯನ್ನು ಅಲ್ಲೇ ಕೂರಿಸಿ, ತಾನು ಬೇರೆ ಊರಿನವರ ಜೀಪು ಹತ್ತಿದ. ಆ ಜೀಪಿನವರಿಗೆ ಜಿಂಕೆ ಕಂಡಿತು, ನವಿಲು ಕಂಡಿತು, ಇಬ್ಬನಿಯಲ್ಲಿ ಮೈ ಒದ್ದೆ ಮಾಡಿಕೊಂಡು ನಿಂತ ಕಾಡುಕೋಣ ಕಂಡಿತು. ಹುಲಿ ಕಾಣಲಿಲ್ಲ. ಆ ಊರಿನವರು ಮಧ್ಯಾಹ್ನದ ಊಟ ಮುಗಿಸಿ ತಮ್ಮ ದಾರಿ ಹಿಡಿದು ಹೋದರು.

ಕಾಡು ನೋಡಲು ಬಂದವರಲ್ಲಿ ಒಂದು ಪದ್ಧತಿ ಇದೆ. ಸಂಜೆ ಬೆಂಕಿಯ ಸುತ್ತ ಕುಳಿತು ಒಬ್ಬೊಬ್ಬರೂ ತಾವು ಕಂಡದ್ದನ್ನು ಹೇಳಬೇಕು. ಬಟ್ಟೆ ಅಂಗಡಿಯವನೂ ಪಾತ್ರೆ ಅಂಗಡಿಯವನೂ ಒಂದೇ ಜೀಪಿನಲ್ಲಿ ಕುಳಿತು ಕಂಡ ಒಂದೇ ಕರಡಿಯನ್ನು, ನಾ ಮುಂದು ತಾ ಮುಂದು ಎಂದು ದೊಡ್ಡದು ಮಾಡಿದರು. ಬೆಲ್ಲದ ವ್ಯಾಪಾರಿಯ ಸರದಿ ಬಂತು. ಅಷ್ಟು ದೊಡ್ಡ ಕರಡಿಯ ಮುಂದೆ ನವಿಲು ಎನ್ನಲು ಅವನಿಗೆ ನಾಲಿಗೆ ಏಳಲಿಲ್ಲ.

“ಹುಲಿ ಕಂಡೆ” ಎಂದುಬಿಟ್ಟ.

ಕುಳಿತವರೆಲ್ಲ ಹೋ ಎಂದರು. ಹೆಂಡತಿ ಹತ್ತಿರ ಸರಿದು, “ಕೊನೆಗೂ ನೋಡಿದ್ರಾ? ನಿಮ್ಗೆ ಏನೂ ಅನ್ನಿಸ್ಲಿಲ್ವಾ?” ಎಂದಳು.

“ಏನನ್ನಿಸುತ್ತೆ? ಅದರ ಪಾಡಿಗೆ ಅದು ರಸ್ತೆ ದಾಟಿ ಹೋಯ್ತು” ಎಂದ.

ಎಂಥ ಗುಂಡಿಗೆ ಎಂದು ಎಲ್ಲರೂ ಮೆಚ್ಚಿದರು. ಹೆಂಡತಿ ತನ್ನ ಶಾಲು ತೆಗೆದು ಅವನಿಗೇ ಹೊದಿಸಿದಳು. ಯಾರಿಗೂ ಕೆಡುಕಾಗಲಿಲ್ಲ, ಎಲ್ಲರಿಗೂ ಸಂತೋಷವಾಯಿತು. ನೀನು ಹೇಳಿದೆಯಲ್ಲ, ಹಾಗೆಯೇ.

ಮರುದಿನ ಬೆಳಗ್ಗೆ ಒತ್ತಿಕೊಂಡಾದರೂ ಸರಿ ಎಂದು ಎಲ್ಲರೂ ಒಂದೇ ಜೀಪಿನಲ್ಲಿ ಕುಳಿತರು. ಹುಲಿ ಕಂಡವನೆಂದು ಬೆಲ್ಲದ ವ್ಯಾಪಾರಿಗೆ ಮುಂದಿನ ಸೀಟು ಕೊಟ್ಟರು. ಹೆಂಡತಿ ಅವನ ಬೆನ್ನ ಹಿಂದೆಯೇ ಕುಳಿತಳು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಪೊದೆಯೊಳಗಿಂದ ಹುಲಿ ಬಂತು. ದಾರಿಯ ನಡುವೆ ಕುಳಿತು, ಬಿಸಿಲಿಗೆ ಮುಖ ಒಡ್ಡಿ, ಕಣ್ಣು ಮುಚ್ಚಿತು.

ವ್ಯಾಪಾರಿಯ ಮೈ ಜುಮ್ಮೆಂದಿತು. ಹಿಂದಕ್ಕೆ ತಿರುಗಿ ಹೆಂಡತಿಯ ಕೈ ಹಿಡಿದುಕೊಳ್ಳಬೇಕೆನ್ನಿಸಿತು. ಅಷ್ಟರಲ್ಲಿ ಅವಳೇ ಮುಂದಕ್ಕೆ ಬಾಗಿದಳು. ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು.

“ನೆನ್ನೆ ನೀವು ನೋಡಿದ್ದು ಇದೇನಾ?” ಎಂದು ಪಿಸುಗುಟ್ಟಿದಳು.

ನಿನ್ನೆ ಹುಲಿ ಕಂಡು ಏನೂ ಅನ್ನಿಸದವನು ಇಂದು ಅಳುವುದುಂಟೇ? ವ್ಯಾಪಾರಿ ತಿರುಗಲಿಲ್ಲ.

“ಹೂಂ, ಇದೇ. ನೆನ್ನೆ ಇನ್ನೂ ಹತ್ತಿರ ಬಂದಿತ್ತು” ಎಂದ.

ಹುಲಿ ಎದ್ದು ಪೊದೆಯೊಳಗೆ ಹೋಯಿತು. ಜೀಪಿನಲ್ಲಿದ್ದವರು ಅಳುತ್ತ ನಗುತ್ತ ಒಬ್ಬರನ್ನೊಬ್ಬರು ತಬ್ಬಿಕೊಂಡರು. ವ್ಯಾಪಾರಿ ಮಾತ್ರ, ಹಳೆಯ ಗಿರಾಕಿ ಬಂದು ಹೋದ ಹಾಗೆ, ಮಂಡಿಯ ಮೇಲೆ ಕೈಯಿಟ್ಟು ಕುಳಿತಿದ್ದ. ಪಾಪ, ಅವನು ಇಡೀ ಜೀವಮಾನ ಕಾದ ಹುಲಿ ಅದು.

ಹಿಂದಿರುಗುವಾಗ ಒಂದು ಕಾಡುಹಂದಿ ತನ್ನ ಪಟ್ಟೆಪಟ್ಟೆ ಮರಿಗಳನ್ನು ಕರೆದುಕೊಂಡು ರಸ್ತೆ ದಾಟಿತು. ಕೊನೆಯ ಮರಿ ಗಾಡಿಯ ಜಾಡಿನಲ್ಲಿ ಎಡವಿ ಬಿತ್ತು, ಎದ್ದು ಬಾಲ ನಿಮಿರಿಸಿಕೊಂಡು ಓಡಿತು. “ಅಯ್ಯೋ, ಅಲ್ನೋಡೇ!” ಎಂದು ವ್ಯಾಪಾರಿ ಕೂಗಿ, ಹಿಂದಕ್ಕೆ ಕೈ ಚಾಚಿ ಹೆಂಡತಿಯ ಕೈ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಹುಲಿಗೆ ಜಗ್ಗದವರು ಹಂದಿಮರಿಗೆ ಇಷ್ಟು ಹಿಗ್ಗುವುದೇ ಎಂದು ಅವಳಿಗೆ ಸೋಜಿಗ. ಹಂದಿಯ ವಿಷಯ ಅವನು ಹಿಂದಿನ ದಿನ ಯಾರಿಗೂ ಏನೂ ಹೇಳಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮರಿದೇವನಿಗೆ ನಗು ತಡೆಯಲಾಗಲಿಲ್ಲ.

“ಹಂದಿಮರಿಯಾದರೂ ಸಿಕ್ಕಿತಲ್ಲ ಅವನಿಗೆ!” ಎಂದ.

ಗುರುಗಳೂ ಮನಸಾರೆ ನಕ್ಕರು. ಆಮೇಲೆ ಕೇಳಿದರು:

“ನಾಳೆ ನಿನಗೆ ನಿಜವಾಗಿಯೂ ಬೆಳಕು ಕಂಡರೆ, ಮಗೂ, ಯಾರ ಕೈ ಹಿಡಿದುಕೊಳ್ಳುತ್ತೀಯೆ?”