ಹಲ್ಲಿಯ ಮಾತು ಕೇಳಿದ ಗರಿ

ಸೆರಫಿನಾ ಬಾಯಿಯ ಮನೆಯಲ್ಲಿ ಯೇಸುವಿನ ಪಟದ ಹಿಂದೆ ಒಂದು ತೆಂಗಿನ ಗರಿ ಇತ್ತು. ಕಳೆದ ವರ್ಷ ಗರಿಗಳ ಭಾನುವಾರ ಇಗರ್ಜಿಯಲ್ಲಿ ಪಾದ್ರಿಗಳು ಆಶೀರ್ವದಿಸಿ ಕೊಟ್ಟ ಗರಿ ಅದು. ಅಲ್ಲಿ ಸಿಕ್ಕಿಸಿದವರು ಆಕೆಯ ಗಂಡ, ಈಗ ಅವರಿಲ್ಲ. ಒಣಗಿದ್ದರೂ ಗರಿಗೆ ತನ್ನ ಜಾಗದ ಬಗ್ಗೆ ಬಹಳ ಹೆಮ್ಮೆ.

ಬೂದಿ ಬುಧವಾರ ಹತ್ತಿರ ಬಂತು. ಹಳೆಯ ಗರಿಗಳನ್ನು ಸುಟ್ಟು ಬೂದಿ ಮಾಡಲು ಇಗರ್ಜಿಗೆ ಕೊಡಬೇಕು. ಗರಿ ನಡುಗಿತು.

"ಹೆದರಬೇಡ," ಎಂದಿತು ಪಕ್ಕದಲ್ಲಿದ್ದ ಹಲ್ಲಿ. "ಯಾರಾದರೂ ಹಿಡಿದರೆ ನಾನು ಬಾಲ ಬಿಟ್ಟುಕೊಟ್ಟು ಜೀವ ಉಳಿಸಿಕೊಳ್ಳುತ್ತೇನೆ. ನೀನೂ ತುದಿಯಷ್ಟನ್ನೇ ಕೊಡು."

ಸೆರಫಿನಾ ಬಾಯಿ ಎಳೆದಾಗ ಗರಿ ಹಾಗೆಯೇ ಮಾಡಿತು. ಪಟ ತೂಗುಹಾಕಿದ್ದ ಮೊಳೆಯನ್ನು ಬಿಗಿಯಾಗಿ ಹಿಡಿದುಕೊಂಡು ತುದಿಯನ್ನಷ್ಟೇ ಮುರಿದುಕೊಟ್ಟಿತು. ಆಕೆ ಆ ಚೂರು ಹಿಡಿದು ಪಟದ ಕಡೆ ನೋಡಿದಳು.

"ಸ್ವಾಮೀ, ಅವರ ಕೈ ಮುಟ್ಟಿದ ಗರಿ ಇದು. ಇಟ್ಟುಕೊಳ್ಳಲು ನನಗೂ ಆಸೆ. ಆದರೆ ಅವರನ್ನೇ ನಿನಗೆ ಒಪ್ಪಿಸಿದ ಮೇಲೆ ಇದನ್ನು ಹೇಗೆ ಹಿಡಿದಿಟ್ಟುಕೊಳ್ಳಲಿ?"

ಗರಿಗೆ ನಾಚಿಕೆಯಾಯಿತು. ಅದು ಮೊಳೆಯನ್ನು ಬಿಟ್ಟು ಮೆಲ್ಲಗೆ ಜಾರತೊಡಗಿತು.

"ಹುಚ್ಚು ಗರಿಯೇ! ನೀನು ಮತ್ತೆ ಬೆಳೆಯುವುದಿಲ್ಲ!" ಎಂದು ಹಲ್ಲಿ ಕೂಗಿತು.

"ಬಲ್ಲೆ. ನಿನ್ನ ಬಾಲದಂತೆ ಮತ್ತೆ ಬೆಳೆಯುವಂಥದ್ದನ್ನು ಬಿಟ್ಟುಕೊಟ್ಟರೆ ಅದು ತಪ್ಪಿಸಿಕೊಂಡಂತೆ, ಕೊಟ್ಟಂತಲ್ಲ," ಎಂದು ಗರಿ ಪೂರ್ತಿಯಾಗಿ ಆಕೆಯ ಕೈ ಸೇರಿತು.

ಇಗರ್ಜಿಯಲ್ಲಿ ಬೆಂಕಿ ಕಂಡಾಗ ಅದಕ್ಕೆ ಭಯವಾಗದೆ ಇರಲಿಲ್ಲ. ಆದರೂ ಹಿಂದೆ ಸರಿಯಲಿಲ್ಲ. ಬುಧವಾರ ಬೆಳಿಗ್ಗೆ ಪಾದ್ರಿಗಳು ಆ ಬೂದಿಯಿಂದ ಪ್ರತಿಯೊಬ್ಬರ ಹಣೆಯ ಮೇಲೂ ಶಿಲುಬೆ ಬರೆದರು. ಒಂದೇ ಗೋಡೆಯಲ್ಲಿದ್ದ ಗರಿ ಅಂದು ಊರಿನ ಮನೆಮನೆಗೂ ಹೋಯಿತು.